ನರಕದ ಬಾಗಿಲಿಗೆ ಬಣ್ಣ ಬಳಿದವನು

ಸ್ಕೇವೋಸ್ ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಯಾವಾಗಲೂ ಸೇತುವೆಗೆ ಬೆನ್ನು ಮಾಡಿಯೇ ಕೂರುತ್ತಾನೆ. ಅಮೆರಿಕದ ಅಸ್ಟೋರಿಯದಲ್ಲಿರುವ ನಮ್ಮ ಬೀದಿಯಲ್ಲಿ ಇದು ಸುಮ್ಮನೆ ಆಗುವ ಕೆಲಸವಲ್ಲ. ಇಲ್ಲಿ ಬಟ್ಟೆ ಒಣಹಾಕಲು ಕೈಯೆತ್ತಿದರೂ, ಕಸದ ಡಬ್ಬಿ ಎಳೆಯಲು ಬಗ್ಗಿದರೂ ಕಣ್ಣಿಗೆ ಬೀಳುವುದು ಆ ಉಕ್ಕಿನ ಕಮಾನೇ. ಎರಡು ಕಲ್ಲುಗೋಪುರಗಳ ನಡುವೆ, ನದಿಯ ಮೇಲೆ, ನೂರು ವರ್ಷದಿಂದ ಹುಬ್ಬೇರಿಸಿಕೊಂಡು ನಿಂತಿದೆ. ಗೂಡ್ಸು ಗಾಡಿ ಹೋದಾಗ ನಮ್ಮ ಅಡುಗೆಮನೆಯ ತಟ್ಟೆಗಳು ಒಂದಕ್ಕೊಂದು ಪಿಸುಗುಟ್ಟುತ್ತವೆ. ಕೆಳಗಿನ ಸುಳಿನೀರಿನ ದೆಸೆಯಿಂದ ಅದಕ್ಕೆ ನರಕದ ಬಾಗಿಲು ಎಂದು ಹೆಸರು. ನರಕದ ಬಾಗಿಲಿನ ವಿಷಯವನ್ನು ನನಗೆ ಶಾಲೆಯಲ್ಲಿ ಸನ್ಯಾಸಿನಿಯರು ಸಾಕಷ್ಟು ಹೇಳಿಕೊಟ್ಟಿದ್ದರು; ಅದರ ಮೇಲೆ ಬಾಸ್ಟನ್ನಿಗೆ ರೈಲು ಹೋಗುತ್ತದೆಂದು ಮಾತ್ರ ಹೇಳಿರಲಿಲ್ಲ.

ಆ ಬಾಗಿಲಿಗೆ ಬಣ್ಣ ಬಳಿದವರಲ್ಲಿ ಸ್ಕೇವೋಸ್ ಒಬ್ಬ. ಅವನ ಮನೆಯ ಮೇಲಂತಸ್ತಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಬಾಡಿಗೆಗಿದ್ದೇನೆ. ನಾನು ಬರುವ ಹೊತ್ತಿಗೆ ಈ ಕತೆ ಅರ್ಧ ನಡೆದುಹೋಗಿತ್ತು. ಆ ಅರ್ಧವನ್ನು ಅವನು ಒಂದು ಥರ, ಅವನ ಹೆಂಡತಿ ಥೆಮೆಲಿನ ಒಂದು ಥರ, ಕಾಫಿ ಅಂಗಡಿಯ ಮುದುಕರು ಹತ್ತು ಥರ ಹೇಳಿದ್ದಾರೆ. ಎಲ್ಲರೂ ಒಪ್ಪುವಷ್ಟನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಅವನ ಊರು ಗ್ರೀಕರ ಕಾಲಿಮ್ನೋಸ್ ದ್ವೀಪ. ಅಲ್ಲಿನ ಗಂಡಸರು ತಲೆತಲಾಂತರದಿಂದ ಸಮುದ್ರದ ತಳಕ್ಕೆ ಮುಳುಗಿ ಸ್ಪಂಜು ಕಿತ್ತು ತರುವವರು. ಸ್ಪಂಜಿನ ಕಸುಬು ಬತ್ತಿದ ಮೇಲೆ ಅಮೆರಿಕಕ್ಕೆ ಬಂದು ಸೇತುವೆಗಳಿಗೆ ಬಣ್ಣ ಬಳಿಯತೊಡಗಿದರು. ಆಳಕ್ಕೆ ಹೆದರದವನು ಎತ್ತರಕ್ಕೆ ಯಾಕೆ ಹೆದರಬೇಕು ಎಂಬುದು ಅವರ ವಾದ. ಊರಿನಲ್ಲಿ ಮುಳುಗುವವನ ಸೊಂಟಕ್ಕೊಂದು ಹಗ್ಗ, ದೋಣಿಯಲ್ಲಿ ಆ ಹಗ್ಗ ಹಿಡಿದು ಕೂರಲು ಒಬ್ಬ. ಜಗ್ಗಿದ್ದು ಮೀನೋ ಮನುಷ್ಯನೋ ಎಂದು ಅವನಿಗೆ ಕೈಯಲ್ಲೇ ತಿಳಿಯಬೇಕು. ಸ್ಕೇವೋಸನ ಅಪ್ಪ ಮುಳುಗುವಾಗ ಹಗ್ಗ ಹಿಡಿಯುತ್ತಿದ್ದವನು ಅವನ ಗೆಳೆಯ ಮಿಕೇಸನ ಅಪ್ಪ. ಮಕ್ಕಳಿಬ್ಬರೂ ಇಲ್ಲಿ ಹನ್ನೊಂದು ವರ್ಷ ಒಂದೇ ತೂಗುಹಲಗೆಯ ಎರಡು ತುದಿಯಲ್ಲಿ ನಿಂತು ಬಣ್ಣ ಬಳಿದರು. ಒಬ್ಬನ ಕಾಲು ಜಾರಿದರೆ ಇನ್ನೊಬ್ಬನ ಹಲಗೆಯೂ ಓಲಾಡುತ್ತದೆ.

ಸ್ಕೇವೋಸನ ಮದುವೆಯಲ್ಲಿ ವಧೂವರರ ತಲೆಯ ಮೇಲಿನ ಹೂಕಿರೀಟಗಳನ್ನು ಮೂರು ಸಲ ಅದಲುಬದಲು ಮಾಡಿದವನು ಮಿಕೇಸ್. ಆಮೇಲೆ ಹುಟ್ಟಿದ ಒಬ್ಬಳೇ ಮಗಳು ಕಲಿಯೋಪಿಗೆ ಮೈತುಂಬ ಎಣ್ಣೆ ಹಚ್ಚಿ, ಇಗರ್ಜಿಯ ಜ್ಞಾನಸ್ನಾನದ ಕೊಳಗದಿಂದ ಎತ್ತಿಕೊಂಡು, ಹೆಸರಿಟ್ಟವನೂ ಅವನೇ. ಇಂಥವನನ್ನು ಗ್ರೀಕರು ಕುಂಬಾರೋಸ್ ಎನ್ನುತ್ತಾರೆ, ಕೂಗಿ ಕರೆಯುವಾಗ 'ಕುಂಬಾರೆ'. ಒಡಹುಟ್ಟಿದವನ ಜೊತೆ ಜಗಳವಾಡಬಹುದು, ಕುಂಬಾರೋಸನ ಜೊತೆ ಆಡುವಂತಿಲ್ಲ. ಒಡಹುಟ್ಟಿದವನು ದೇವರು ಕೊಟ್ಟದ್ದು. ಇವನು ದೇವರ ಎದುರಿಗೆ ನಾವೇ ಆರಿಸಿಕೊಂಡದ್ದು. ನನಗಂತೂ ಆ ಪದ ಕಿವಿಗೆ ಬಿದ್ದಾಗಲೆಲ್ಲ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ನಮ್ಮ ಗಾದೆಯೇ ನೆನಪಾಗುತ್ತಿತ್ತು. ಅದನ್ನು ಸ್ಕೇವೋಸನಿಗೆ ಬಿಡಿಸಿ ಹೇಳುವ ಧೈರ್ಯ ಮಾತ್ರ ಎಂದೂ ಬರಲಿಲ್ಲ.

ತೊಂಬತ್ತರ ದಶಕದ ನಡುವೆ ಸೇತುವೆಗೆ ಹೊಸ ಬಣ್ಣವೆಂದು ತೀರ್ಮಾನವಾಯಿತು. ಕಡುಕೆಂಪು. ಹಳೆಯದನ್ನು ಉಕ್ಕು ಕಾಣುವವರೆಗೆ ಕೆರೆದು ತೆಗೆದು, ಒಂದು ಒಣಗಿದ ಮೇಲೊಂದು ಪದರ ಕೊಡುತ್ತಾ ಹೋಗಬೇಕು. ಪದರದ ದಪ್ಪ ಅಳೆಯಲು ಇನ್ಸ್‌ಪೆಕ್ಟರು ಬೇರೆ. ಸ್ಕೇವೋಸ್ ಅದಕ್ಕೂ ಮೊದಲು ಬೂದು ಸೇತುವೆ, ಹಸಿರು ಸೇತುವೆ ಬೇಕಾದಷ್ಟು ಬಳಿದಿದ್ದ. ಆದರೆ ಅವೆಲ್ಲ ಬೇರೆಯವರ ಬೀದಿಯವು. ಇದು ಹೆಂಡತಿ ಬಟ್ಟೆ ಒಣಹಾಕುವಾಗ ಕಾಣುವ ಸೇತುವೆ. ಕಾಫಿ ಅಂಗಡಿಯಲ್ಲಿ ಇಸ್ಪೀಟಿನ ಎಲೆ ಕೆಳಗಿಟ್ಟು, ಎದ್ದು ನಿಂತು ಹೇಳಿದ್ದನಂತೆ: "ನನ್ ಮೊಮ್ಮಕ್ಳ ಮದ್ವೆ ಫೋಟೋದಲ್ಲೂ ಇದು ಹಿಂಗೇ ಕೆಂಪಗಿರತ್ತೆ, ಬರ್ದಿಟ್ಕೊಳ್ಳಿ."

ಆ ಅಂಗಡಿಯಲ್ಲಿ ಯಾರೂ ಏನನ್ನೂ ಬರೆದಿಡುವುದಿಲ್ಲ. ಆದರೆ ಮರೆಯುವುದೂ ಇಲ್ಲ.

ಕೆಲಸ ಪೂರ್ತಿ ಮುಗಿಯುವ ಮೊದಲೇ ಬಣ್ಣ ಕೈಕೊಟ್ಟಿತು. ಬೇಸಗೆಯ ಬಿಸಿಲಿಗೆ ನಮ್ಮ ದಂಡೆಯ ಕಡೆ, ಕಮಾನಿನ ಹೆಗಲ ಮೇಲೆ, ಬಿಳಿಚಿದ ಮಚ್ಚೆಗಳು ಕಾಣಿಸಿಕೊಂಡವು. ಹೊಸ ಸೀರೆಯನ್ನು ಮಾಳಿಗೆಯಲ್ಲಿ ಹರವಿ ತಿಂಗಳುಗಟ್ಟಲೆ ಮರೆತ ಹಾಗೆ. ಸ್ಕೇವೋಸ್ ಮತ್ತು ಮಿಕೇಸ್ ಬಳಿದ ಜಾಗವೇ ಅದು. ಕಾಫಿ ಅಂಗಡಿಯ ಬಾಯಿಗಳಿಗೆ ಹಬ್ಬವಾಯಿತು.

"ಸ್ಕೇವೋ, ಆ ಮೊಮ್ಮಕ್ಳ ಮದ್ವೆ ಮುಂದಿನ್ ವಾರಾನೇ ಇಟ್ಕೊಳಪ್ಪ, ಬಣ್ಣ ಕಾಯಲ್ವಂತೆ," ಎಂದನೊಬ್ಬ.

"ಅವನ್ದೇನು ತಪ್ಪು? ನರಕ ಇವನ್ ಮುಖ ನೋಡಿ ಹೆದ್ರಿ ಬಿಳುಚ್ಕೊಂಡಿದೆ," ಎಂದ ಇನ್ನೊಬ್ಬ.

ಸ್ಕೇವೋಸ್ ಒಂದು ವಾರ ಅಂಗಡಿಗೆ ಹೋಗಲಿಲ್ಲ. ಊಟ ಸೇರಲಿಲ್ಲ. ಅಪ್ಪನ ಕಾಲಿಗೆ ಲಕ್ವ ಹೊಡೆದಾಗಲೂ ಇಷ್ಟು ಕುಗ್ಗಿರಲಿಲ್ಲ ಎಂದು ಥೆಮೆಲಿನ ಹೇಳುತ್ತಾಳೆ. ತನ್ನ ಹೆಸರನ್ನು ಅಷ್ಟು ಎತ್ತರದಲ್ಲಿ, ಇಡೀ ಊರು ನೋಡುವ ಹಾಗೆ, ಯಾರೋ ತೊಳೆದು ಹಾಕಿದ್ದಾರೆ ಎಂದು ಅವನಿಗೆ ಅನಿಸಿತ್ತು. 'ಯಾರೋ' ಎಂಬುದು ಕೆಟ್ಟ ಪದ. ಒಮ್ಮೆ ತಲೆಗೆ ಹೊಕ್ಕರೆ ಅದು ತನಗೊಂದು ಮುಖ ಹುಡುಕತೊಡಗುತ್ತದೆ.

ಆ ವಾರವೇ ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮೇಸ್ತ್ರಿ ತಂಡದ ಇಪ್ಪತ್ತು ಜನರನ್ನೂ ಕಲ್ಲುಗೋಪುರದ ಬುಡದಲ್ಲಿ ಸೇರಿಸಿದ. ಕುಂಚ ಬೇಗ ಓಡಲೆಂದು ಬಣ್ಣವನ್ನು ತೆಳು ಮಾಡುವುದು ಆ ಕಸುಬಿನ ಹಳೆಯ ಕಳ್ಳತನ. ಯಾರಾದರೂ ಏನಾದರೂ ಬೆರೆಸಿದ್ದೀರಾ ಎಂದು ಅವನು ಕೇಳಿದ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

ಎರಡು ತಿಂಗಳ ಹಿಂದೆ ಸ್ಕೇವೋಸ್ ಒಂದು ಸಂಗತಿ ನೋಡಿದ್ದ. ಮಿಕೇಸ್ ಅಂಗಿಯ ಜೇಬಿನಿಂದ ಪುಟ್ಟದೊಂದು ಬಾಟಲಿ ತೆಗೆದು, ಹೊಸ ಬಣ್ಣದ ಡಬ್ಬಿಯೊಳಗೆ ಬಗ್ಗಿಸಿ, ಮುಚ್ಚಳ ತಿರುಗಿಸಿ ಮತ್ತೆ ಜೇಬಿಗೆ ಸೇರಿಸಿದ್ದ. ಏನೋ ಅದು ಎಂದು ಕೇಳಿದ್ದಕ್ಕೆ, ಬಣ್ಣಕ್ಕೆ ಬಾಯಾರಿದೆ ಎಂದು ನಕ್ಕಿದ್ದ. ಆಗ ಸ್ಕೇವೋಸನೂ ನಕ್ಕಿದ್ದ. ಈಗ ನಗು ಬರಲಿಲ್ಲ.

"ನನ್ ಕುಂಬಾರೋಸ್‌ನ ಕೇಳಿ," ಎಂದ. "ಅವ್ನ ಜೇಬಲ್ಲಿ ಒಂದ್ ಬಾಟ್ಲಿ ಇರತ್ತೆ. ಏನು ಬೆರೆಸ್ತಾನೆ ಅಂತ ಅವ್ನೇ ಹೇಳ್ಲಿ."

ಬಾಟಲಿ ಇದ್ದದ್ದು ನಿಜವೇ ಎಂದು ಮೇಸ್ತ್ರಿ ಕೇಳಿದ. ನಿಜ ಎಂದ ಮಿಕೇಸ್. ಅದರಲ್ಲಿ ಏನಿತ್ತು?

"ಬಣ್ಣ ಕೆಡ್ಸೋದೇನೂ ಇರ್ಲಿಲ್ಲ," ಎಂದ. "ಅದಕ್ಕಿಂತ ಹೆಚ್ಚಿಗೆ ಹೇಳಕ್ಕಾಗಲ್ಲ."

ಹೀಗೆಂದು ಸ್ಕೇವೋಸನ ಕಡೆ ನೋಡಿದನಂತೆ. ಬಿಡಿ, ಇವನನ್ನು ಹನ್ನೊಂದು ವರ್ಷದಿಂದ ಬಲ್ಲೆ, ಇವನು ಅಂಥವನಲ್ಲ ಎಂದು ಒಂದು ಮಾತು ಸ್ಕೇವೋಸ್ ಹೇಳಿದ್ದರೆ ಮೇಸ್ತ್ರಿಯೂ ಬಿಡುತ್ತಿದ್ದನೋ ಏನೋ. ಅವನಿಗೂ ಆ ಮಾತೇ ಬೇಕಿದ್ದಂತಿತ್ತು. ಸ್ಕೇವೋಸ್ ಫ್ಲಾಸ್ಕಿನ ಮುಚ್ಚಳ ತೆಗೆದು ನೀರು ಕುಡಿದ. "ನಾನು ಬಾಟ್ಲಿ ನೋಡ್ದೆ," ಎಂದು ಅವನು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾನೆ. "ಅವ್ನ ಮುಖ ನೋಡ್ಬೇಕಿತ್ತು."

ಮಿಕೇಸನ ಕೆಲಸ ಅಂದೇ ಹೋಯಿತು. ಸೇತುವೆ ಬಳಿಯುವ ತಂಡಗಳೆಲ್ಲ ಒಂದೇ ದ್ವೀಪದವರವು. ಸುದ್ದಿ ಹಬ್ಬಲು ಒಂದು ಭಾನುವಾರ ಸಾಕಾಯಿತು. ಯಾರೂ ಅವನನ್ನು ಮತ್ತೆ ಹಲಗೆ ಹತ್ತಿಸಲಿಲ್ಲ. ನಲವತ್ತಾರನೆಯ ವಯಸ್ಸಿನಲ್ಲಿ ಅವನು ಡಿಟ್‌ಮಾರ್ಸ್ ರಸ್ತೆಯ ನೆಂಟರೊಬ್ಬರ ಅಂಗಡಿಯಲ್ಲಿ ಮೀನಿನ ಹುರುಪೆ ಕೆರೆಯಲು ನಿಂತ. ಎಲ್ಲಿಗೆ ಬಂದೆಯಪ್ಪ ಎಂದು ಕೇಳಿದವರಿಗೆ, ಕಾಲಿಮ್ನೋಸಿನವನು ಕೊನೆಗೆ ಸಮುದ್ರಕ್ಕೇ ಬರಬೇಕಲ್ಲ, ಐಸಿನ ಮೇಲಾದರೂ ಸರಿ ಎನ್ನುತ್ತಿದ್ದನಂತೆ. ಸ್ಕೇವೋಸನ ಬಗ್ಗೆ ಒಳ್ಳೆಯದು ಕೆಟ್ಟದ್ದು ಒಂದನ್ನೂ ಆಡಲಿಲ್ಲ.

ಮುಂದಿನ ಈಸ್ಟರಿಗೆ ಅವನಿಂದ ಒಂದು ಡಬ್ಬಿ ಬಂತು. ಹೆಸರಿಟ್ಟವನು ಪ್ರತಿ ಈಸ್ಟರಿಗೂ ಮಗುವಿಗೆ ಅಲಂಕರಿಸಿದ ಮೇಣದ ಬತ್ತಿ ಮತ್ತು ಹೊಸ ಬೂಟು ಕೊಡಬೇಕು. ಅಲ್ಲಿಯವರೆಗೆ ಒಂದು ವರ್ಷವೂ ತಪ್ಪಿರಲಿಲ್ಲ. ನೀಲಿ ರಿಬ್ಬನ್ ಕಟ್ಟಿದ ಬತ್ತಿ, ಬಿಳಿಯ ಬೂಟು. ಒಂಬತ್ತು ವರ್ಷದ ಕಲಿಯೋಪಿ ಬೂಟು ಕಾಲಿಗೆ ಹಾಕಿಕೊಂಡಾಗಿತ್ತು. ಸ್ಕೇವೋಸ್ ಅದನ್ನು ಅವಳ ಕಾಲಿನಿಂದ ಬಿಚ್ಚಿಸಿ, ಡಬ್ಬಿಗೆ ತುಂಬಿ, ತಾನೇ ಹೋಗಿ ಮಿಕೇಸನ ಮೆಟ್ಟಿಲ ಮೇಲಿಟ್ಟು ಬಂದ. ಹುಡುಗಿ ಆ ವರ್ಷ ಅಂಗಡಿಯಿಂದ ತಂದ ಸಾದಾ ಬತ್ತಿ ಹಿಡಿದು ಇಗರ್ಜಿಗೆ ಹೋದಳು.

ಅಷ್ಟರಲ್ಲಿ ಸೇತುವೆ ಎಲ್ಲ ಕಡೆ ಬಿಳಿಚತೊಡಗಿತ್ತು. ನದಿಯಾಚೆಯ ಅರ್ಧವನ್ನು ಬೇರೆ ತಂಡದವರು ಬಳಿದದ್ದು. ಮಿಕೇಸ್ ಅಲ್ಲಿ ಕಾಲಿಟ್ಟವನೇ ಅಲ್ಲ. ಅದೂ ಇದೇ ಥರ ಗುಲಾಬಿಯಾಯಿತು. ಆ ಕೆಂಪಿಗೇ ಬಿಸಿಲು ತಡೆಯುವ ಶಕ್ತಿ ಇರಲಿಲ್ಲ, ಬಳಿದವರದು ಏನೂ ತಪ್ಪಿಲ್ಲ ಎಂಬ ಮಾತು ಮೇಸ್ತ್ರಿಗಳವರೆಗೂ ಬಂತು, ಕಾಫಿ ಅಂಗಡಿಗೂ ಬಂತು. ಸ್ಕೇವೋಸನಿಗೂ ಕಣ್ಣಿತ್ತು. ದಿನಾ ಬೆಳಿಗ್ಗೆ ಎದ್ದರೆ ಎದುರಿಗೇ ಕಾಣುತ್ತಿತ್ತು. ಆದರೆ ತಪ್ಪು ಮಾಡಿದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಪ್ರಶ್ನೆಯನ್ನು ಬದಲಾಯಿಸುವುದು ಸುಲಭ. "ಸರಿ, ಬಣ್ಣ ಅದರಿಂದ ಕೆಡ್ಲಿಲ್ಲ ಅಂತಾನೇ ಇಟ್ಕೊಳ್ಳೋಣ. ಆದ್ರೆ ಬಾಟ್ಲೀಲಿ ಏನಿತ್ತು?" ಎನ್ನತೊಡಗಿದ. ಕುರ್ಚಿಯ ಮುಖ ಗೋಡೆಯ ಕಡೆ ತಿರುಗಿದ್ದು ಆಗಿನಿಂದ ಎಂದು ಕಾಣುತ್ತದೆ.

ಹೀಗೇ ಹತ್ತೊಂಬತ್ತು ವರ್ಷ. ಇಬ್ಬರ ಮನೆಗೂ ನಡುವೆ ಏಳು ಬೀದಿ. ಸಾವಿನ ಮನೆಗಳಲ್ಲಿ ಎದುರಾದರೆ ಸತ್ತವನನ್ನು ನೋಡುವ ನೆಪದಲ್ಲಿ ಇಬ್ಬರೂ ಪೆಟ್ಟಿಗೆಯ ಕಡೆ ತಿರುಗುತ್ತಿದ್ದರು. ಥೆಮೆಲಿನ ಡಿಟ್‌ಮಾರ್ಸಿನ ಮೀನಂಗಡಿ ಬಿಟ್ಟು, ರೈಲು ಹತ್ತಿ ದೂರದ ಅಂಗಡಿಯಿಂದ ಮೀನು ತರುತ್ತಿದ್ದಳು. ಗಂಡನ ಮುಲಾಜಿಗೆ ಹೀಗೆ ಮಾಡುತ್ತಾಳೆ ಎಂದು ನಾವೆಲ್ಲ ತಿಳಿದಿದ್ದೆವು.

ಆಮೇಲೆ ಕಲಿಯೋಪಿಗೆ ಮದುವೆ ಗೊತ್ತಾಯಿತು. ಶಾಲೆಯಲ್ಲಿ ಪಾಠ ಹೇಳುವ ಹುಡುಗಿ. ಇಪ್ಪತ್ತೆಂಟು ವರ್ಷಕ್ಕೆ ಅಪ್ಪನಷ್ಟೇ ಹಟ ಕಲಿತಿದ್ದಳು. ಹೆಸರಿಟ್ಟವನಿಗೇ ಮದುವೆಯಲ್ಲಿ ಕಿರೀಟ ಬದಲಿಸುವ ಮೊದಲ ಹಕ್ಕು. ನೂನೊ ಎಂದರೆ ಹೆಸರಿಟ್ಟ ತಂದೆ. ಅವಳು ಮಿಕೇಸನನ್ನು ಹಾಗೆಯೇ ಕರೆಯುತ್ತಿದ್ದಳು, ಅಪ್ಪನ ಎದುರಿಗೂ.

"ನೂನೊ ಕಿರೀಟ ಬದಲಾಯಿಸಲ್ಲ ಅಂದ್ರೆ ನಂಗೆ ಕಿರೀಟಾನೇ ಬೇಡಪ್ಪ. ಕಚೇರಿಗೆ ಹೋಗಿ ಸಹಿ ಹಾಕಿ ಬರ್ತೀನಿ," ಎಂದಳು.

ಆವತ್ತು ನಾನೂ ಅವರ ಅಡುಗೆಮನೆಯಲ್ಲಿದ್ದೆ. ಥೆಮೆಲಿನ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತುತ್ತಿದ್ದಳು. ನನಗೆ ಎಲೆಯ ತೊಟ್ಟು ಕೀಳುವ ಕೆಲಸ ಕೊಟ್ಟಿದ್ದಳು. ಸ್ಕೇವೋಸ್ ತನ್ನ ಹಳೆಯ ಪಾಠ ಒಪ್ಪಿಸಿದ.

"ಬರ್ಲಿ. ಯಾರು ಬೇಡ ಅಂದ್ರು? ಆ ಬಾಟ್ಲೀಲಿ ಏನಿತ್ತು ಅಂತ ಮೊದ್ಲು ಹೇಳ್ಲಿ, ಆಮೇಲೆ ಬರ್ಲಿ."

"ತೀರ್ಥ ಇತ್ತು," ಎಂದಳು ಥೆಮೆಲಿನ. ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಎಲೆಯನ್ನು ಸುತ್ತಿ ಮುಗಿಸಿ ಪಾತ್ರೆಯಲ್ಲಿಟ್ಟಳು.

ಜನವರಿ ಆರರ ಹಬ್ಬದ ದಿನ ಪಾದ್ರಿ ಶಿಲುಬೆ ಅದ್ದಿ ಕೊಡುವ ನೀರು ಅದು. ಅವರ ದ್ವೀಪದಲ್ಲಿ ದೋಣಿಗೆ ಬಣ್ಣ ಬಳಿಯುವಾಗ ಡಬ್ಬಿಗೆ ಮೂರು ಹನಿ ಆ ನೀರು ಬೀಳದೆ ಯಾರೂ ಕುಂಚ ಅದ್ದುವುದಿಲ್ಲ. ಸ್ಕೇವೋಸನಿಗೋ ಪಾದ್ರಿಗಳೆಂದರೆ ಆಗದು. ಲಕ್ವ ಹೊಡೆದ ಅಪ್ಪನಿಗೆ ಅವರು ಹರಕೆ ಹೇಳಿದರೇ ಹೊರತು ವೈದ್ಯನನ್ನು ಕರೆಸಲಿಲ್ಲ ಎಂಬ ಸಿಟ್ಟು. ಥೆಮೆಲಿನ ಒಮ್ಮೆ ಅವನ ಅಂಗಿಯ ಒಳಮಡಿಕೆಯಲ್ಲಿ ಹೊಲಿದಿಟ್ಟ ತಾಯಿತವನ್ನು ಅವನು ಕಿತ್ತು ನದಿಗೆಸೆದಿದ್ದ. ಅಂಥ ಗಂಡ ನರಕದ ಬಾಗಿಲ ಮೇಲೆ ಹಗ್ಗಕ್ಕೆ ನೇತು ಬಿದ್ದಿದ್ದರೆ ಹೆಂಡತಿ ಏನು ಮಾಡಬೇಕು? ಬಾಟಲಿಯನ್ನು ಕುಂಬಾರೋಸನ ಕೈಗೆ ಕೊಟ್ಟು, ಹೊಸ ಡಬ್ಬಿ ತೆರೆದಾಗಲೆಲ್ಲ ಮೂರು ಹನಿ ಹಾಕು, ಇವನಿಗೆ ಮಾತ್ರ ಹೇಳಬೇಡ ಎಂದು ಮಗುವಿಗೆ ಹೆಸರಿಟ್ಟ ಕೈಯ ಮೇಲೆ ಆಣೆ ಹಾಕಿಸಿಕೊಂಡಿದ್ದಳು.

ನಮ್ಮಲ್ಲಿ ಗುಟ್ಟು ರಟ್ಟಾದರೆ ಬಣ್ಣ ಬಯಲಾಯಿತು ಎನ್ನುತ್ತೇವೆ. ಇಲ್ಲಿ ಬಣ್ಣ ಎಂದೋ ಬಯಲಾಗಿ ಬಿಳಿಚಿಯೂ ಆಗಿತ್ತು. ಬಯಲಾಗಲು ಉಳಿದದ್ದು ಮೂರು ಹನಿ ನೀರು.

"ಹತ್ತೊಂಬತ್ ವರ್ಷ ಯಾಕೆ ಸುಮ್ನಿದ್ದೆ?" ಸ್ಕೇವೋಸನ ದನಿ ಏರಲಿಲ್ಲ.

"ಮೊದ್ಲು ಹೆದ್ರಿದ್ದೆ. ನನ್ ಮಾತಿಗೆ ಹಾಕಿದ್ದು ಅಂತ ಗೊತ್ತಾದ್ರೆ ನಿನ್ನೂ ತೆಗೀತಾರೆ ಅಂತ. ಮಿಕೇಸೇ ಹೇಳ್ದ, ಒಂದ್ ಮನೆ ಒಲೆ ಆರಿದ್ದು ಸಾಕು, ನೀನು ಬಾಯ್ ಬಿಡ್ಬೇಡ ಅಂತ. ಆಮೇಲೆ ನಾಚ್ಕೆ. ಒಂದ್ ವರ್ಷದ್ದು ಹೇಳ್ಬೋದು ಸ್ಕೇವೋ, ಹತ್ ವರ್ಷದ್ದು ಹೆಂಗ್ ಹೇಳ್ಲಿ?"

ಅವನು ಬೈಯುತ್ತಾನೆಂದು ನಾವು ಕಾದೆವು. "ಮೂರ್ ಹನಿ," ಎಂದ. ಮತ್ತೆ "ಮೂರ್ ಹನಿ" ಎಂದ. ಕಲಿಯೋಪಿ ಅಮ್ಮನ ಕಡೆಗೂ ನೋಡಲಿಲ್ಲ, ಅಪ್ಪನ ಕಡೆಗೂ ನೋಡಲಿಲ್ಲ. ಎದ್ದು ಒಲೆಯ ಉರಿ ಸಣ್ಣ ಮಾಡಿದಳು.

ಭಾನುವಾರ ಬೆಳಿಗ್ಗೆ ಸ್ಕೇವೋಸ್ ಕ್ಷೌರ ಮಾಡಿಸಿಕೊಂಡು, ಬೇಕರಿಯಿಂದ ಹಾಲಿನ ಸಿಹಿಯ ಡಬ್ಬಿ ಕಟ್ಟಿಸಿಕೊಂಡು ಮಿಕೇಸನ ಮನೆಗೆ ಹೊರಟ. ಡಬ್ಬಿ ಹಿಡಿದುಕೊಂಡದ್ದೇ ತಪ್ಪಾಯಿತು ಎಂದು ಅವನಿಗೆ ಅರ್ಧ ದಾರಿಯಲ್ಲಿ ಹೊಳೆಯಿತಂತೆ. ಕುಂಬಾರೋಸನ ಮನೆಗೆ ಯಾರು ಸಿಹಿ ಒಯ್ಯುತ್ತಾರೆ? ಬರಿಗೈಯಲ್ಲಿ ಹೋಗಿ ಅವನದನ್ನೇ ತಿಂದು ಬರುವುದು. ಎಸೆಯಲು ಮನಸ್ಸಾಗದೆ ಹಿಡಿದುಕೊಂಡೇ ಹೋದ.

ಇಲ್ಲಿಯ ಗ್ರೀಕರ ಮನೆಗಳಿಗೆ ಎರಡು ಬಾಗಿಲು. ಮೆಟ್ಟಿಲ ಕೆಳಗಿನದು ನೆಲಮಾಳಿಗೆಯ ಅಡುಗೆಮನೆಗೆ. ಮನೆಯವರು, ಬೇಕಾದವರು ಅದರಲ್ಲೇ ಹೋಗಿ ಬರುವುದು, ಸಂಸಾರವೆಲ್ಲ ಅಲ್ಲೇ. ಮೆಟ್ಟಿಲು ಹತ್ತಿದರೆ ಸಿಗುವ ಬಾಗಿಲು ಮುಂದಿನ ಕೋಣೆಯದು. ಅಲ್ಲಿ ಪ್ಲಾಸ್ಟಿಕ್ ಹೊದಿಸಿದ ಸೋಫಾ, ಗಾಜಿನ ಕಪಾಟು. ಅದು ತೆರೆಯುವುದು ಪಾದ್ರಿಗೆ, ವಿಮೆಯವನಿಗೆ, ಸಾವಿಗೆ ಬಂದವರಿಗೆ.

ಸ್ಕೇವೋಸ್ ಕೆಳಗಿನ ಬಾಗಿಲು ತಟ್ಟಿದ. ಒಳಗೆ ಹೆಜ್ಜೆಯ ಸದ್ದಾಯಿತು, ನಿಂತಿತು, ಆಮೇಲೆ ಒಳಮೆಟ್ಟಿಲು ಹತ್ತುವ ಸದ್ದಾಯಿತು. ತೆರೆದದ್ದು ಮೇಲಿನ ಬಾಗಿಲು.

"ಬನ್ನಿ," ಎಂದ ಮಿಕೇಸ್. "ಮೇಲ್ಗಡೆಯಿಂದ ಬನ್ನಿ."

ಪ್ಲಾಸ್ಟಿಕ್ಕಿನ ಮೇಲೆ ಕೂತು ಸ್ಕೇವೋಸ್ ಎಲ್ಲವನ್ನೂ ಹೇಳಿದ. ತೀರ್ಥದ ವಿಷಯ ತಿಳಿಯಿತು ಎಂದ, ಅಂದೇ ನನ್ನ ನಾಲಿಗೆ ಸುಡಬೇಕಿತ್ತು ಎಂದ, ನದಿಯಾಚೆಯ ಅರ್ಧ ಬಿಳಿಚಿದಾಗಲೇ ನನಗೆ ಗೊತ್ತಾಗಿತ್ತು, ಗೊತ್ತಿಲ್ಲದವನಂತಿದ್ದೆ ಎಂದ. ಈ ಕೊನೆಯದನ್ನು ಅವನು ಅಲ್ಲಿಯವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ. ಮಿಕೇಸ್ ಕೈಕಟ್ಟಿಕೊಂಡು, ವಿಮೆಯವನ ಮಾತು ಕೇಳುವ ಹಾಗೆ ಮರ್ಯಾದೆಯಿಂದ ಕೇಳಿದ.

"ಬಣ್ಣದ ಮಾತು ಬಿಡಿ," ಎಂದ ಕೊನೆಗೆ. "ಬಿಸಿ ತಲೇಲಿ ಯಾರಾದ್ರೂ ಏನಾದ್ರೂ ಅಂತಾರೆ. ಮೇಣದ ಬತ್ತಿ ವಾಪಸ್ ತಂದಿಟ್ರಲ್ಲ, ಆಗ ನಿಮ್ ತಲೆ ತಣ್ಣಗಿತ್ತು. ಏಳ್ ಬೀದಿ ನಡ್ಕೊಂಡ್ ಬಂದಿದ್ರಿ."

ಸ್ಕೇವೋಸ್ ಮಗಳ ಮದುವೆಯ ವಿಷಯಕ್ಕೆ ಬಂದಾಗ ಕೇಳಿಕೊಳ್ಳುವ ಗೋಜೇ ಉಳಿಯಲಿಲ್ಲ.

"ಹುಡುಗೀಗೋಸ್ಕರ ನಾನ್ ಬರ್ತೀನಿ. ಅವ್ಳು ಮೀನಂಗಡಿಗೆ ಬಂದು ಕರ್ದು ಹೋಗಿದ್ದಾಳೆ."

ಆಮೇಲೆ ಎದ್ದು, ಕಾಫಿ ತರುತ್ತೇನೆ, ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದ. ಹನ್ನೊಂದು ವರ್ಷ ಒಂದೇ ಫ್ಲಾಸ್ಕಿನಲ್ಲಿ ಇಬ್ಬರೂ ಸಕ್ಕರೆ ಹಾಕದ ಕಾಫಿ ಕುಡಿದವರು.

"ನಿಂಗೊತ್ತಲ್ಲ, ಮಿಕೇ," ಎಂದ ಸ್ಕೇವೋಸ್.

"ಬಹಳ ದಿನ ಆಯ್ತು ನೋಡಿ. ನೆನಪಿಲ್ಲ."

ಮದುವೆ ಚೆನ್ನಾಗಿಯೇ ಆಯಿತು. ಮಿಕೇಸ್ ನೀಲಿ ಕೋಟು ಹಾಕಿಕೊಂಡು ಬಂದು, ಮೂರು ಸಲ ಕಿರೀಟ ಬದಲಿಸಿದ. ಕಲಿಯೋಪಿ ಅವನ ಕೈಗೆ ಮುತ್ತಿಟ್ಟು ಅತ್ತಳು. ಊಟಕ್ಕೆ ಅವನು ಗಂಡಿನ ಕಡೆಯವರ ಮೇಜಿನಲ್ಲಿ ಕೂತ. ಥೆಮೆಲಿನ ತಾನೇ ತಟ್ಟೆ ಒಯ್ದು ಕೊಟ್ಟಳು. ಎದ್ದು ನಿಂತು ತೆಗೆದುಕೊಂಡ, ಅವಳ ಆರೋಗ್ಯ ವಿಚಾರಿಸಿದ. ಅವಳು ಈಗ ಡಿಟ್‌ಮಾರ್ಸಿನ ಅಂಗಡಿಯಿಂದಲೇ ಮೀನು ತರುತ್ತಾಳೆ. ಅವನು ಒಳ್ಳೆಯ ಮೀನನ್ನೇ ಆರಿಸಿ ಕೊಡುತ್ತಾನೆ.

ಇದಾಗಿ ಏಳು ವರ್ಷವಾಯಿತು. ಸ್ಕೇವೋಸ್ ತಿಂಗಳ ಮೊದಲ ಭಾನುವಾರ ತಪ್ಪದೆ ಏಳು ಬೀದಿ ನಡೆದು ಹೋಗುತ್ತಾನೆ. ಸಿಹಿ ಒಯ್ಯುವುದನ್ನು ಬಿಟ್ಟಿದ್ದಾನೆ. ಕೆಳಗಿನ ಬಾಗಿಲು ತಟ್ಟುತ್ತಾನೆ, ಮೇಲಿನದು ತೆರೆಯುತ್ತದೆ. ಮಿಕೇಸ್ ಎಂದೂ ಮನೆಯಲ್ಲಿಲ್ಲ ಎನ್ನಿಸಿಲ್ಲ, ಮುಖ ಸಿಂಡರಿಸಿಲ್ಲ. ಇಬ್ಬರೂ ಮಂಡಿನೋವು, ಮೀನಿನ ಬೆಲೆ, ಕಲಿಯೋಪಿಯ ಮಗನ ತುಂಟತನ ಮಾತಾಡುತ್ತಾರೆ. ಪ್ರತಿ ಸಲವೂ ಮಿಕೇಸ್ ಎದ್ದು ಸಕ್ಕರೆ ಎಷ್ಟು ಎಂದು ಕೇಳುತ್ತಾನೆ, ಪ್ರತಿ ಸಲವೂ ಸ್ಕೇವೋಸ್ ಬೇಡ ಎನ್ನುತ್ತಾನೆ.

ಹೋದ ತಿಂಗಳು ಅಲ್ಲಿಂದ ಬಂದವನು ನಮ್ಮ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದ. ಏನಾಯಿತು ಎಂದೆ. ಆವತ್ತು ಮಿಕೇಸ್ ಕೇಳಿದಾಗ ಇವನು, ಸುಮ್ಮನೆ, ಮೂರು ಚಮಚ ಎಂದನಂತೆ. ಏನೋ ಹುಚ್ಚು, ನಿನಗೆ ಸಕ್ಕರೆ ಕಂಡರೆ ಆಗದಲ್ಲೋ ಎಂದು ಅವನು ಒಂದು ಸಲ ಬೈಯಲಿ ಎಂದು.

"ಬೈದ್ನಾ?" ಎಂದು ಕೇಳಿದೆ.

"ಮೂರ್ ಚಮಚ ಹಾಕ್ಕೊಂಡ್ ಬಂದ," ಎಂದ ಸ್ಕೇವೋಸ್. "ಪೂರ್ತಿ ಕುಡ್ದೆ."